ಗೊಡ್ಡು ಮರದ ಹೂವು

ಕುಂಕುಮದ ಮರದ ಹೂವು ತರಲು ಅಫ್ಜಲ್ ಗವಿಕೊಂಡಕ್ಕೆ ಹೊರಟ ಬೆಳಿಗ್ಗೆ ಅವನ ತಾಯಿ ಷಮೀಮ್ ಬಾಗಿಲವರೆಗೂ ಬರಲಿಲ್ಲ. ಹಿತ್ತಲಿನಲ್ಲಿ ಮರದ ಬುಡಕ್ಕೆ ನೀರು ಹಾಕುತ್ತಿದ್ದವರು ತಲೆಯೆತ್ತದೆ "ಹುಷಾರು" ಎಂದರು. ಅಷ್ಟೇ. ಮೂರು ವರ್ಷಗಳಿಂದ ಆ ಮರದ ವಿಷಯದಲ್ಲಿ ಮಗನ ಜೊತೆ ಅವರು ಆಡಿದ ಮಾತನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಹಿಡಿಯಾಗುತ್ತಿರಲಿಲ್ಲ. ಮರಕ್ಕೆ ನೀರು ಹಾಕಲೂ ಅವನನ್ನು ಬಿಡುತ್ತಿರಲಿಲ್ಲ.

ತಪ್ಪು ಅಫ್ಜಲನದೇ. ಶಿಡ್ಲಘಟ್ಟದ ಅವರ ಹಿತ್ತಲಿನಲ್ಲಿ ಮೊದಲು ಎರಡು ಕುಂಕುಮದ ಮರಗಳಿದ್ದವು. ಒಂದು ಮರ ವರ್ಷ ವರ್ಷ ಗೊಂಚಲು ಗೊಂಚಲು ಕಾಯಿ ಬಿಡುತ್ತಿತ್ತು. ಬಿಸಿಲು ಏರುವ ಹೊತ್ತಿಗೆ ಆ ಪುಟ್ಟ ಕಾಯಿಗಳ ಮೈಮೇಲೆಲ್ಲ ಕೆಂಪು ಪುಡಿ ಕೂರುತ್ತಿತ್ತು. ಷಮೀಮ್ ಕಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿ ಬಡಿದು, ಪುಡಿ ಉದುರಿಸಿ, ಎಳ್ಳೆಣ್ಣೆ ಸವರಿ, ಸೋಡಾ ಬೆರೆಸಿದ ಬಿಸಿನೀರಿಗೆ ಹಾಕಿ ರೇಷ್ಮೆ ಅದ್ದುತ್ತಿದ್ದರು. ಹೊರಗೆ ಬಂದ ನೂಲಿಗೆ ಒಲೆಯ ಕೆಂಡದ ಬಣ್ಣ. ಇನ್ನೊಂದು ಮರ ಮಾತ್ರ ಹೂ ಬಿಡುವುದು, ಉದುರಿಸುವುದು, ಸುಮ್ಮನಾಗುವುದು. ಬೀದಿಯವರೆಲ್ಲ ಅದನ್ನು ಗೊಡ್ಡು ಮರ ಎನ್ನುತ್ತಿದ್ದರು. ಅಫ್ಜಲ್ ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲರ್. ಗೂಡು ಬೇಯಿಸುವ ಒಲೆಗೆ ಸೌದೆ ಎಷ್ಟು ತಂದರೂ ಸಾಲದು. ತಾಯಿ ಚಿಂತಾಮಣಿಗೆ ಮದುವೆಗೆ ಹೋಗಿದ್ದಾಗ ಅವನು ಗೊಡ್ಡು ಮರವನ್ನು ಬುಡ ಸಮೇತ ತೆಗೆಸಿ ಒಲೆಗೆ ಹಾಕಿಬಿಟ್ಟ. ಮುಂದಿನ ವರ್ಷ ಉಳಿದ ಮರವೂ ಕಾಯಿ ಬಿಡಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ.

ಜೋಡಿ ಮರ ಕಡಿದಿದ್ದಕ್ಕೆ ಅದು ಕೊರಗುತ್ತಿದೆ ಎಂದರು ನೆರೆಯವರು. ಕೊರಗಲ್ಲ, ವಿಷಯವೇ ಬೇರೆ ಎಂದವಳು ಮೌನಿಕಾ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಆಕೆ ಬಣ್ಣದ ಗಿಡಗಳನ್ನು ಹುಡುಕುತ್ತಾ ಷಮೀಮ್ ಮನೆಗೆ ಬಂದಿದ್ದಳು. ಎಲೆ ಮಗುಚಿ ನೋಡಿ, ಹೂ ಬಿಡಿಸಿ ನೋಡಿ, "ಅಮ್ಮ, ಈ ಜಾತೀಲಿ ಗಂಡು ಮರಾನೇ ಬೇರೆ, ಹೆಣ್ಣು ಮರಾನೇ ಬೇರೆ. ಇದು ಹೆಣ್ಣು. ನೀವು ಗೊಡ್ಡು ಅಂತಿದ್ರಲ್ಲ, ಅದು ಗಂಡು. ಅದರ ಪರಾಗ ಬೀಳದೆ ಇದು ಕಾಯಿ ಕಟ್ಟಲ್ಲ" ಎಂದಳು.

ಅಫ್ಜಲನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಇವನ ವಿಷಯದಲ್ಲಿ ಒಲೆ ಮಾತ್ರ ಮೊದಲೇ ಉರಿದುಹೋಗಿತ್ತು.

ಅಷ್ಟರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ಹಿತ್ತಲಿನ ಅಂಚಿನಲ್ಲಿದ್ದ ಹೆಣ್ಣು ಮರದ ಬೊಡ್ಡೆಗೆ ಬಿಳಿ ಗುರುತು ಬಿತ್ತು. ಮುಂದಿನ ಬೇಸಿಗೆ ಮುಗಿಯುವಾಗ ಕಡಿಯುತ್ತಾರೆ. ಕೊಂಬೆ ನೆಟ್ಟು ಚಿಗುರಿಸಲು ಮೌನಿಕಾ ಮಾಡಿದ ಪ್ರಯತ್ನಗಳೆಲ್ಲ ಕೊಳೆತು ಹೋದವು. ಹೊರಗಿನಿಂದ ತರಿಸಿದ ಪುಡಿಯಲ್ಲಿ ಅದ್ದಿದರೆ ನೂಲಿಗೆ ಸಪ್ಪೆ ಹಳದಿ ಬಂತೇ ಹೊರತು ಕೆಂಡದ ಬಣ್ಣ ಬರಲಿಲ್ಲ. ಈಗ ಮರ ತುಂಬ ಇರುವುದೇ ಕೊನೆಯ ಹೂವು. ಈ ಸಲ ಕಾಯಿ ಕಟ್ಟಿದರೆ ಬೀಜ ಸಿಗುತ್ತದೆ, ಇಲ್ಲದಿದ್ದರೆ ಷಮೀಮರ ಅತ್ತೆಯ ಅತ್ತೆ ನೆಟ್ಟ ಮರದ ವಂಶ ಅಲ್ಲಿಗೆ ಮುಗಿಯಿತು.

ಗಂಡು ಮರಕ್ಕಾಗಿ ಮೌನಿಕಾ ಊರೂರು ವಿಚಾರಿಸಿದಳು. ಕೊನೆಗೆ ನಗರಗೆರೆ ಕಡೆಯ ರೈತ ಆವಲಪ್ಪ ಫೋನಿನಲ್ಲೇ ಗುಡುಗಿದ: "ನಮ್ಮ ಗವಿಕೊಂಡದಾಗೆ ಒಂದೈತಲ್ಲಮ್ಮ! ನಮ್ಮವ್ವ ಅಮ್ಮಾಜಮ್ಮ ಆ ಕೆಂಪು ಪುಡೀನ ಬೆಲ್ಲದಾಗೆ ಕಲಸಿ ಜಂತುಹುಳಕ್ಕೆ ಕೊಡೋಳು. ಪುಡಿ ಬಿಡೋ ಮರ ಎಲ್ಲಾ ಕ್ವಾರಿ ಧೂಳಿಗೆ ಒಣಗೋದ್ವು. ಒಂದು ಗೊಡ್ಡು ಮಾತ್ರ ಉಳ್ಕಂಡೈತೆ. ಅದ್ಯಾವನಿಗೆ ಬೇಕು ಅಂತ ಯಾರೂ ಮುಟ್ಲಿಲ್ಲ."

ಗೊಡ್ಡು ಎಂಬ ಮಾತು ಕಿವಿಗೆ ಬಿದ್ದಿದ್ದೇ ಅಫ್ಜಲ್ ಗಾಡಿಯ ಕೀ ಹುಡುಕಿದ.

ಗೂಡು ಸಾಗಿಸುವ ಅವನ ಟಾಟಾ ಏಸ್ ಚಿಕ್ಕಬಳ್ಳಾಪುರದಲ್ಲಿ ಮೌನಿಕಾಳನ್ನು ಹತ್ತಿಸಿಕೊಂಡು ಮಂಚೇನಹಳ್ಳಿ ದಾಟುವಷ್ಟರಲ್ಲಿ ಬಿಸಿಲು ಬಲಿತಿತ್ತು. ಮಳೆಗಾಲ ಮುಗಿಯುತ್ತಾ ಬಂದಿತ್ತು. ಜೋಳ ಮುರಿದ ಹೊಲಗಳು, ಅವುಗಳ ಬದುವಿನಲ್ಲಿ ಹಳದಿ ಹೂ ತುಂಬಿ ನಿಂತ ತಂಗಡಿ ಪೊದೆಗಳು, ಆಚೆ ಒಂದರ ಹಿಂದೊಂದು ಬೋಳು ಬಂಡೆಯ ಬೆಟ್ಟಗಳು. ಮೌನಿಕಾ ಕಿಟಕಿಯಿಂದ ಕೈ ಚಾಚಿ ತೋರಿಸುತ್ತಲೇ ಇದ್ದಳು. ತಂಗಡಿಯ ಹೂವು ಕಷಾಯಕ್ಕೆ, ತೊಗಟೆ ಚರ್ಮ ಹದ ಮಾಡಲು. ಮುತ್ತುಗದ ಎಲೆಯಲ್ಲಿ ಊಟ, ಹೂವಿನಲ್ಲಿ ಹಳದಿ ಬಣ್ಣ. ಅಳಲೆಕಾಯಿ ಕೆಮ್ಮಿಗೂ ಆಯಿತು, ಬಣ್ಣ ಹಿಡಿಸಲಿಕ್ಕೂ ಆಯಿತು.

"ಮೇಡಂ, ನನಗೆ ಇಷ್ಟು ದಿನ ಮರದಲ್ಲಿ ಎರಡೇ ಜಾತಿ ಗೊತ್ತಿದ್ದಿದ್ದು" ಎಂದ ಅಫ್ಜಲ್. "ಹಸಿ ಸೌದೆ, ಒಣ ಸೌದೆ."

ಮೌನಿಕಾ ನಕ್ಕಳು. ಅವನಿಗೆ ನಗು ಬರಲಿಲ್ಲ.

ಗೌರಿಬಿದನೂರು ಕಳೆದು ನಗರಗೆರೆಯ ಹಾದಿ ಹಿಡಿದಾಗ ಗವಿಕೊಂಡ ಕಾಣಿಸಿತು. ಬೆಟ್ಟದ ಮುಂಭಾಗವೇ ಇರಲಿಲ್ಲ. ಕ್ವಾರಿ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದುಹಾಕಿತ್ತು. ಹಿಂಭಾಗ ಮಾತ್ರ ಹಳೆಯ ಬೆಟ್ಟದ ಹಾಗೇ ಇತ್ತು. ಹತ್ತಿರ ಹೋದ ಮೇಲೆ ನೋಡಿದರೆ ಅಲ್ಲೂ ಒಂದೊಂದು ಎಲೆಯ ಮೇಲೂ ಬಿಳಿ ಧೂಳು ಕೂತಿತ್ತು. ಮಳೆ ಬಿದ್ದು ಗಟ್ಟಿಯಾದ ಧೂಳು, ಗೋಡೆಗೆ ಬಳಿದ ಸುಣ್ಣದಂತೆ.

ಆವಲಪ್ಪ ಹುಣಸೆಮರದ ಕೆಳಗೆ ಕಾಯುತ್ತಿದ್ದ. ಅರವತ್ತು ದಾಟಿದ ದಪ್ಪ ಧ್ವನಿಯ ಆಸಾಮಿ. ಕೈಯಲ್ಲಿ ಮಚ್ಚು, ಹೆಗಲಲ್ಲಿ ಬಾಳೆಹಣ್ಣು, ಬೆಲ್ಲ ತುಂಬಿದ ಚೀಲ.

"ರಾ ರಾ, ಬಾರಪ್ಪ ಅಫ್ಜಲಪ್ಪ! ಬಾಮ್ಮ! ಬ್ಲಾಸ್ಟಿಂಗು ಸಾಯಂಕಾಲ ಅಂತ ವಾಚ್‌ಮನ್ನು ಹೇಳವ್ನೆ. ಅಷ್ಟರೊಳಗೆ ಇಳಿದ್ಬಿಡಣ."

"ಅದಕ್ಕೆ ಮುಂಚೆ ಹೊಡೆದ್ರೆ?" ಎಂದಳು ಮೌನಿಕಾ.

"ಸೈರನ್ ಮೂರು ಸಲ ಕೂಗ್ತದಮ್ಮ. ಮೊದಲನೇದಕ್ಕೆ ದನಕರ ಹೊಡ್ಕಂಡು ದೂರ ಹೋಗ್ಬೇಕು. ಎರಡನೇದಕ್ಕೆ ಮನುಷ್ಯರು ಮರೆಗೆ ಸೇರ್ಬೇಕು. ಮೂರನೇದಕ್ಕೆ ದೇವುಡೇ ಗತಿ."

ಮೂವರೂ ಏರತೊಡಗಿದರು. ಹಕ್ಕಿಯ ದನಿ ಇಲ್ಲ. ಕಾರೆಮುಳ್ಳಿನ ಪೊದೆಗಳ ನಡುವೆ ಸೀತಾಫಲದ ಗಿಡಗಳಿದ್ದವು, ಕಾಯಿಗಳು ಹಣ್ಣಾಗುವ ಮೊದಲೇ ಕಪ್ಪಗೆ ಸುರುಟಿಕೊಂಡು ಕೊಂಬೆಯಲ್ಲೇ ನೇತಾಡುತ್ತಿದ್ದವು. ಒಂದು ಕಡೆ ದೊಡ್ಡ ಬಂಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಸೀಳು ಹೊಸದು, ಒಳಗಿನ ಕಲ್ಲು ಇನ್ನೂ ಹೊಳೆಯುತ್ತಿತ್ತು. ಅಫ್ಜಲ್ ಅದರೊಳಗೆ ಕೈ ಇಟ್ಟ. ಒಳಗಿನಿಂದ ತಣ್ಣನೆಯ ಗಾಳಿ ಬಂತು. ಬೆಟ್ಟದ ಹೊಟ್ಟೆ ಎಲ್ಲಿಯವರೆಗೆ ಬಿರಿದಿದೆಯೋ ಎಂದು ಅವನಿಗೆ ಭಯವಾಯಿತು.

ಇನ್ನೂ ಮೇಲೆ ದಾರಿಗೆ ಅಡ್ಡವಾಗಿ ಸೀತಾಫಲದ ಬೀಜ ತುಂಬಿದ ಹಿಕ್ಕೆ ಬಿದ್ದಿತ್ತು.

"ಕರಡಿ" ಎಂದಳು ಮೌನಿಕಾ.

"ಹಳೇದಮ್ಮ, ಹಳೇದು" ಎಂದ ಆವಲಪ್ಪ. ಅದರ ಮೇಲೆ ನೊಣ ಕೂರಲೂ ಇನ್ನೂ ಪುರುಸೊತ್ತಾಗಿರಲಿಲ್ಲ.

ಬೆಟ್ಟಕ್ಕೆ ಹೆಸರು ತಂದ ಗವಿ ನಿಜಕ್ಕೂ ಗವಿಯಲ್ಲ. ಎರಡು ದೊಡ್ಡ ಬಂಡೆಗಳು ತಲೆಗೆ ತಲೆ ಕೊಟ್ಟು ನಿಂತು, ಕೆಳಗೆ ತೆವಳಿ ಹೋಗುವಷ್ಟು ಸಂದಿ ಬಿಟ್ಟಿದ್ದವು. ಸಂದಿಯ ಆಚೆ ನಾಲ್ಕೂ ಕಡೆ ಬಂಡೆಗೋಡೆಗಳಿರುವ ಒಂದು ಕೊರಕಲು. ಮರ ಇರುವುದು ಅಲ್ಲಿ. ಹೋಗುವುದಕ್ಕೂ ಬರುವುದಕ್ಕೂ ಆವಲಪ್ಪನಿಗೆ ಗೊತ್ತಿದ್ದುದು ಅದೊಂದೇ ದಾರಿ.

ಸಂದಿಯ ಬಾಯಲ್ಲಿ ಆವಲಪ್ಪ ಚಪ್ಪಲಿ ಬಿಟ್ಟು ಚೀಲ ಬಿಚ್ಚಿದ. ಗವಿಕೊಂಡದಲ್ಲಿ ಕೊಂಬೆ ಮುರಿಯುವುದಿದ್ದರೂ ಬೇರು ಅಗೆಯುವುದಿದ್ದರೂ ಮೊದಲು ಮುನೇಶ್ವರನಿಗೆ ಹಣ್ಣು, ಬೆಲ್ಲ ಇಟ್ಟು ಕೇಳಿಕೊಳ್ಳಬೇಕು. ಅವರ ಊರಿನ ಪದ್ಧತಿ ಅದು. ಮುನೇಶ್ವರನ ಕಲ್ಲು ಬೆಟ್ಟದ ಬುಡದಲ್ಲಿತ್ತು. ಕ್ವಾರಿಗೆ ಲಾರಿ ದಾರಿ ಮಾಡುವಾಗ ಅದು ಯಾವ ಮಣ್ಣಿನಡಿ ಹೋಯಿತೋ. ಕಲ್ಲು ಹೋದರೂ ದೇವರು ಹೋಗುತ್ತಾನೆಯೇ? ಇನ್ನೂ ಮೇಲಕ್ಕೆ ಹೋಗಿರುತ್ತಾನೆ ಎಂದು ಆವಲಪ್ಪ ತೀರ್ಮಾನಿಸಿದ್ದ.

"ಇಲ್ಲಿ ಬೇಡ ಆವಲಪ್ಪನೋರೆ, ಪ್ರಾಣಿ ಬರುತ್ತೆ" ಎಂದಳು ಮೌನಿಕಾ.

"ಸ್ವಾಮಿಗಿಟ್ಟಿದ್ದನ್ನ ಪ್ರಾಣಿ ಮುಟ್ಟಲ್ಲ ಕಣಮ್ಮ."

ಬುಡದಲ್ಲಿ ಇಡುತ್ತಿದ್ದಾಗ ಕೋತಿಗಳು ತಟ್ಟೆ ಸಮೇತ ಹೊತ್ತೊಯ್ಯುತ್ತಿದ್ದುದನ್ನು ಆತ ಮರೆತಿದ್ದ. ಹಣ್ಣಿನ ಚಿಪ್ಪನ್ನೂ ಬೆಲ್ಲದ ಅಚ್ಚುಗಳನ್ನೂ ಇಟ್ಟು ಕೈಮುಗಿದು ಅಲ್ಲೇ ಬಂಡೆಯ ಮೇಲೆ ಕಾವಲು ಕೂತ. ಅಫ್ಜಲ್, ಮೌನಿಕಾ ಮೊಣಕೈಯೂರಿ ಸಂದಿಯೊಳಗೆ ತೆವಳಿದರು.

ಆಚೆ ಹೊರಬಂದು ಅಫ್ಜಲ್ ಎದ್ದು ನಿಂತ. ಮಳೆನೀರು ನಿಂತ ಒಂದು ದೊಣೆ, ಅದರ ಪಕ್ಕದ ಬಂಡೆಯ ಜಗಲಿಯ ಮೇಲೆ ಮರ. ಸುತ್ತ ಗೋಡೆಯಿದ್ದುದರಿಂದ ಧೂಳು ಇಲ್ಲಿಗೆ ಅಷ್ಟಾಗಿ ಇಳಿದಿರಲಿಲ್ಲ. ಎಲೆಗಳು ಹಸಿರಾಗಿದ್ದವು. ಕೊಂಬೆಯ ತುದಿಯಲ್ಲೆಲ್ಲ ಕಂದು ಹಳದಿಯ ಸಣ್ಣ ಸಣ್ಣ ಹೂತೆನೆಗಳು. ಮೌನಿಕಾ ಒಂದು ಎಲೆ ಮಗುಚಿ ಅದರ ಕೆಳಗಿನ ಕೆಂಪು ಚುಕ್ಕಿಗಳನ್ನು ತೋರಿಸಿದಳು. ತೋರಿಸುವ ಅಗತ್ಯವೇ ಇರಲಿಲ್ಲ. ಹಿತ್ತಲಿನಲ್ಲಿ ಇದೇ ಎಲೆಯ ನೆರಳಿನಲ್ಲಿ ಅವನು ಗೋಲಿ ಆಡಿ ಬೆಳೆದಿದ್ದ.

ಹಿಪ್ಪುನೇರಳೆ ಕಡ್ಡಿ ಕತ್ತರಿಸುವ ಕತ್ತರಿ ಹಿಡಿದು ಮರ ಹತ್ತಿದ. ಮೊದಲ ಕೊಂಬೆ ಅಲ್ಲಾಡಿದೊಡನೆ ಹಳದಿ ಪುಡಿ ಅವನ ಮುಖದ ಮೇಲೆ ಉದುರಿತು. ಆವತ್ತು ಸೌದೆ ಒಟ್ಟುವಾಗಲೂ ಅಂಗಿಗೆಲ್ಲ ಇದೇ ಪುಡಿ ಮೆತ್ತಿತ್ತು. ಧೂಳು ಎಂದು ಕೊಡವಿಕೊಂಡಿದ್ದ. ಈಗ ಅವನಿಗೆ ಅಳು ಬಂತು. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ಚೆನ್ನಾಗಿ ಅರಳಿದ ತುದಿಗಳನ್ನೇ ಆರಿಸಿ ಕತ್ತರಿಸಿ ಕೆಳಗೆ ತಂದ.

ಮೌನಿಕಾ ಬುಡದಲ್ಲೇನಾದರೂ ಸಸಿ ಹುಟ್ಟಿದೆಯೇ ಎಂದು ಪೊದೆಯೊಳಗೆ ತಲೆ ತೂರಿಸಿದ್ದಳು. ಅಷ್ಟರಲ್ಲಿ ಅಫ್ಜಲ್ ಹುಟ್ಟಿದಾಗಿನಿಂದ ಕಂಡ ಕೆಲಸವನ್ನೇ ಮಾಡಿದ. ಅಬ್ಬಾ ಜಿಯಾವುಲ್ಲಾ ಇದ್ದಾಗ ಅವರಿಗೆ ಹಿಪ್ಪುನೇರಳೆ ತೋಟವಿತ್ತು. ಹುಳುವಿಗೆ ಸೊಪ್ಪು ತರುವಾಗ ಬಾಡಬಾರದೆಂದು ಗೋಣಿಯನ್ನು ನೀರಿಗೆ ಅದ್ದಿ, ಸೊಪ್ಪಿಗೂ ನೀರು ಚಿಮುಕಿಸಿ ಸುತ್ತಬೇಕು. ಹಾಗೇ ತಂದಿದ್ದ ಗೋಣಿಯನ್ನು ದೊಣೆಯಲ್ಲಿ ಅದ್ದಿದ, ಹೂವಿನ ಮೇಲೆಲ್ಲ ಬೊಗಸೆ ಬೊಗಸೆ ನೀರು ಹಾಕಿದ, ಮಗುವನ್ನು ಸುತ್ತುವಂತೆ ಜೋಪಾನವಾಗಿ ಸುತ್ತಿದ.

ಸಂದಿಯಿಂದ ಹೊರಗೆ ಬಂದು ಅರ್ಧ ಬೆಟ್ಟ ಇಳಿದ ಮೇಲೆ ಮೌನಿಕಾ ಗೋಣಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿದಳು.

"ಏನು ಮಾಡಿದ್ರಿ ಅಫ್ಜಲ್ ಅವ್ರೇ?"

"ಬಾಡಬಾರ್ದು ಅಂತ..."

ಆಕೆ ಗೋಣಿ ಬಿಚ್ಚಿದಳು. ಹೂತೆನೆಗಳು ನೆಂದು ಮುದ್ದೆಯಾಗಿದ್ದವು. ಒಂದನ್ನು ಅಂಗೈ ಮೇಲೆ ಕೊಡವಿದಳು. ಪುಡಿ ಬೀಳಲಿಲ್ಲ, ಹಳದಿ ನೀರು ಇಳಿಯಿತು.

"ನೀರು ತೊಟ್ಟಿಗೆ ಮಾತ್ರ ಸಾಕಿತ್ತು. ಪರಾಗಕ್ಕೆ ನೀರು ತಗುಲಿದ್ರೆ ಒಡೆದು ಹೋಗುತ್ತೆ. ಗಾಳೀಲಿ ಹಾರೋ ವಸ್ತು ಅದು." ಅವಳಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. "ನಾನೇ ಮೊದಲು ಹೇಳಬೇಕಿತ್ತು."

"ಬಿಚ್ಚದೆ ಇರೋ ಮೊಗ್ಗು ಇವೆಯಲ್ಲ?"

"ಕಿತ್ತ ಕೊಂಬೇಲಿ ಬಿಚ್ಚುತ್ತೆ ಅಂತ ನಂಬಕ್ಕಾಗಲ್ಲ."

ಅಫ್ಜಲ್ ಕೈಯಲ್ಲಿದ್ದ ಹೂವನ್ನು ನೋಡಿದ. ಒಂದು ಸಲ ಬೆಂಕಿಗೆ ಹಾಕಿದ್ದೆ, ಇನ್ನೊಂದು ಸಲ ನೀರಿಗೆ ಹಾಕಿದೆ. ಬಾಗಿಲವರೆಗೂ ಬರದ ತಾಯಿಯ ಬೆನ್ನು ಕಣ್ಣ ಮುಂದೆ ಬಂತು.

"ನಾನೊಬ್ಬನೇ ಹೋಗಿ ಬರ್ತೀನಿ" ಎಂದು ತಿರುಗಿದ.

"ಮೋಡ ನೋಡಪ್ಪ!" ಎಂದು ಆವಲಪ್ಪ ಕೂಗಿದ. ಪಡುವಣದಿಂದ ಕಪ್ಪು ಮೋಡ ಎದ್ದಿತ್ತು. ಗುಡುಗು ಇನ್ನೂ ದೂರವಿತ್ತು. ಅಫ್ಜಲ್ ಆಗಲೇ ಓಡುತ್ತಿದ್ದ. ಬಾಯಲ್ಲಿ ಬೈಯುತ್ತಲೇ ಇಬ್ಬರೂ ಹಿಂದೆ ಬಂದರು.

ಸಂದಿಯ ಬಾಯಲ್ಲಿ ಮೌನಿಕಾ ತನ್ನ ಚೀಲದಿಂದ ದೊಡ್ಡ ಕಾಗದದ ಕವರು ಕೊಟ್ಟಳು. "ಹೂವೆಲ್ಲ ಇದರೊಳಗೆ. ತೊಟ್ಟು ಮಾತ್ರ ಹೊರಗೆ, ಒದ್ದೆ ಬಟ್ಟೇಲಿ." ಅವನು ತಲೆಯಾಡಿಸಿ ಒಳಗೆ ತೆವಳಿದ. ಈ ಸಲ ಸಂದಿಯ ಚಾವಣಿಯಿಂದ ಕತ್ತಿನ ಮೇಲೆ ನುಣ್ಣನೆಯ ಮಣ್ಣು ಸುರಿಯಿತು. ಮೊದಲ ಸಲ ಹೀಗೆ ಸುರಿದಿರಲಿಲ್ಲ.

ಮರ ಹತ್ತಿದ. ಕತ್ತರಿಸಿದ. ಕೊಂಬೆಯ ತುದಿಯ ಮೇಲೆಯೇ ಕವರು ಹಾಕಿ ಬಾಯಿ ಕಟ್ಟಿದ. ಕೆಳಗಿಳಿದು ತೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಕಟ್ಟನ್ನು ಬೆನ್ನಿಗೆ ಬಿಗಿದುಕೊಂಡ.

ಆಗ ಸೈರನ್ ಕೂಗಿತು.

ಸಾಯಂಕಾಲಕ್ಕೆ ಇನ್ನೂ ಬಹಳ ಹೊತ್ತಿತ್ತು. ಆದರೆ ಬಂಡೆಗೆ ಮದ್ದು ತುಂಬಿಯಾದ ಮೇಲೆ ಸಿಡಿಲಿನ ಮೋಡ ಬಂದರೆ, ಸಿಡಿಲಿಗೆ ಮದ್ದು ತಾನೇ ಹೊತ್ತಿಕೊಂಡೀತೆಂದು ಕ್ವಾರಿಯವರು ಕಾಯುವುದಿಲ್ಲ. ಅದು ಅವನಿಗೆ ಆಗ ಹೊಳೆಯಿತು.

"ಓಡಿ! ಕೆಳಗೆ ಓಡಿ!" ಎಂದು ಸಂದಿಯ ಕಡೆ ಕೂಗಿದ.

ಆಚೆಯಿಂದ ಬಂದಿದ್ದು ಆವಲಪ್ಪನ ಕಿರುಚಾಟ. "ಅಫ್ಜಲಪ್ಪಾ! ಎಲುಗುಬಂಟೀ! ಕರಡಿ ಕಣಪ್ಪಾ! ಒಳಗೆ ಬತ್ತಾ ಐತೆ!"

ಬಾಳೆಹಣ್ಣು. ಬೆಲ್ಲ.

ಸಂದಿಯೊಳಗೆ ಉಸಿರಿನ ಸದ್ದು ಕೇಳಿಸಿತು. ಮೊದಲು ಮಾಸಲು ಮೂತಿ ಕಾಣಿಸಿತು. ಆಮೇಲೆ ಕಪ್ಪು ಜಡೆಗೂದಲ ಭುಜ. ಕರಡಿ ಹೊರಗೆ ಬಂದು ದೊಣೆಯ ಬಳಿ ನಿಂತಿತು. ಬಾಯಲ್ಲಿ ಇನ್ನೂ ಬೆಲ್ಲದ ಅಚ್ಚು ಇತ್ತು.

ಅಫ್ಜಲ್ ಮರಕ್ಕೆ ಬೆನ್ನು ಒತ್ತದೆ ನಿಂತ. ಬೆನ್ನಲ್ಲಿ ಹೂವಿತ್ತು.

ಕರಡಿ ಅವನನ್ನು ನೋಡಿತು. ಮೂಸಿತು. ಎದೆಯ ಬಿಳಿ ಗುರುತು ಕಾಣುವಂತೆ ಎದ್ದು ನಿಂತಿತು. ಅಫ್ಜಲ್ ಬಾಯಲ್ಲೇ ಕಲಿಮಾ ಹೇಳಿಕೊಂಡ.

ಎರಡನೇ ಸೈರನ್ ಕೂಗಿತು.

ಕರಡಿಯ ಕಿವಿಗಳು ನಿಮಿರಿದವು. ಬೆಲ್ಲ ಬಾಯಿಂದ ಬಿತ್ತು. ಅವನ ಗೊಡವೆಯನ್ನೇ ಬಿಟ್ಟು ಅದು ಸರ್ರನೆ ತಿರುಗಿತು. ತಿರುಗಿದ್ದು ಸಂದಿಯ ಕಡೆಗಲ್ಲ. ಕೊರಕಲಿನ ಹಿಂಗೋಡೆಗೆ ಓಡಿ, ಬಂಡೆಗಳ ನಡುವಿನ ಓರೆ ಬಿರುಕಿಗೆ ಉಗುರು ಹಾಕಿ, ದೊಡ್ಡ ಮೈಯನ್ನು ಎಳೆದುಕೊಂಡು ಮೇಲೆ ಏರತೊಡಗಿತು.

ಅಫ್ಜಲ್ ಸಂದಿಯನ್ನು ನೋಡಿದ. ಅದರ ಬಾಯಿಂದ ಮಣ್ಣು ದಾರದಂತೆ ಬಿಡದೆ ಸುರಿಯುತ್ತಿತ್ತು. ಕರಡಿಯನ್ನು ನೋಡಿದ. ಕರಡಿಯ ಹಿಂದೆ ಹೋಗುವುದು ಹುಚ್ಚು, ನಿಜ. ಆದರೆ ದಿನವೂ ಈ ಸೈರನ್ ಕೇಳಿ ಬದುಕುತ್ತಿರುವುದು ಅದು, ತಾನಲ್ಲ.

ಓಡಿ ಬಿರುಕಿಗೆ ಕೈ ಹಾಕಿದ. ಒಳಗೆ ಎಷ್ಟೋ ವರ್ಷಗಳ ಉಗುರಿನ ಗೀರುಗಳಿದ್ದವು, ಹೆಬ್ಬೆರಳು ಊರುವಷ್ಟು ಆಳ. ಒಂದೊಂದನ್ನೇ ಹಿಡಿದು ಏರಿದ. ಮೇಲಿನಿಂದ ಕರಡಿ ಕೆದರಿದ ಕಲ್ಲುಚೂರು ತಲೆ ಮೇಲೆ ಬಿತ್ತು. ಅರ್ಧದಲ್ಲಿ ಗೀರುಗಳು ನಿಂತವು, ನುಣ್ಣನೆಯ ಬಂಡೆ. ಪಕ್ಕದಲ್ಲಿ ಹೆಬ್ಬಾವಿನಷ್ಟು ದಪ್ಪದ ಕಾಡುಬಳ್ಳಿ ಇಳಿದಿತ್ತು. ಯಾವ ಬಳ್ಳಿಯೋ, ಯಾವ ರೋಗಕ್ಕೆ ಮದ್ದೋ, ಯಾವ ಬಣ್ಣಕ್ಕೆ ಬೇಕೋ, ಮೌನಿಕಾ ಇದ್ದಿದ್ದರೆ ಹೇಳುತ್ತಿದ್ದಳು. ಅವನು ಅದನ್ನು ಹಗ್ಗ ಮಾಡಿಕೊಂಡ. ಅಂಗೈಯ ಚರ್ಮ ಸುಲಿಯಿತು. ಹೊಟ್ಟೆಯನ್ನೇ ಬಂಡೆಗೆ ಉಜ್ಜಿದ, ಬೆನ್ನನ್ನು ಮಾತ್ರ ಬಂಡೆಗೆ ತಾಗಿಸಲಿಲ್ಲ.

ಅಂಚು ಸಿಕ್ಕಿತು. ಮೇಲೆ ಉರುಳಿದ. ಕರಡಿ ಆಗಲೇ ಹಿಂಬದಿಯ ಇಳಿಜಾರಿನಲ್ಲಿ ಕಪ್ಪು ಚುಕ್ಕೆಯಾಗಿ ಓಡುತ್ತಿತ್ತು. ಹತ್ತಿರದಲ್ಲೇ ಚಾಚಿಕೊಂಡಿದ್ದ ಬಂಡೆಯ ಕೆಳಗೆ ಅಫ್ಜಲ್ ನುಸುಳಿ, ಕವರನ್ನು ಎದೆಗೆ ತಿರುಗಿಸಿಕೊಂಡು ಅದರ ಮೇಲೆ ಬಾಗಿ ಕೂತ.

ಮೂರನೇ ಸೈರನ್.

ಮೊದಲು ನೆಲ ಎದ್ದುಬಿತ್ತು. ಸದ್ದು ಆಮೇಲೆ ಬಂತು. ಕಲ್ಲುಗಳು ಆಕಾಶದಿಂದ ಬಿದ್ದು ಸುತ್ತ ಒಡೆದವು. ಹೊಗೆಯಂತಹ ಧೂಳು ಬೆಟ್ಟದ ನೆತ್ತಿ ದಾಟಿ ಇಳಿಯಿತು. ಅದರೊಳಗಿನಿಂದ ಇನ್ನೊಂದು ಸದ್ದು ಕೇಳಿಸಿತು, ದೊಡ್ಡ ಬೀಸುಕಲ್ಲು ತಿರುಗಿದಂತೆ. ತಲೆಗೆ ತಲೆ ಕೊಟ್ಟು ನಿಂತಿದ್ದ ಎರಡು ಬಂಡೆಗಳು ಜಾರಿ ಕೂತವು. ಅವುಗಳ ಹಿಂದೆ ಗೋಡೆಯ ಗೋಡೆಯೇ ಕೊರಕಲಿಗೆ ಇಳಿಯಿತು. ಅಫ್ಜಲ್ ನೋಡುತ್ತಿದ್ದಂತೆ ಮರ ಒಮ್ಮೆ ಬಾಗಿತು, ಎಲೆಗಳ ಬಿಳಿ ಬೆನ್ನು ಒಟ್ಟಿಗೇ ಕಾಣಿಸಿತು, ಅಷ್ಟೇ. ಅದರ ಮೇಲೆ ಕಲ್ಲು ಬೀಳುವುದು ನಿಲ್ಲಲು ತುಂಬ ಹೊತ್ತು ಹಿಡಿಯಿತು.

ಸಂದಿಯ ಬಾಯಿ ಇದ್ದ ಜಾಗ ಎಲ್ಲಿ ಎಂದೇ ಗೊತ್ತಾಗಲಿಲ್ಲ.

"ಮೇಡಂ! ಆವಲಪ್ಪಣ್ಣಾ!"

ಉತ್ತರ ಬರಲಿಲ್ಲ. ಮತ್ತೆ ಕೂಗಿದ. ಗಂಟಲು ಹರಿಯುವಂತೆ ಕೂಗಿದ. ಇಬ್ಬರು ಮನುಷ್ಯರನ್ನು ಒಂದು ಹೂವಿಗಾಗಿ ಕರೆತಂದು ಕೊಂದೆನೇ ಎಂದುಕೊಂಡ. ಕೊನೆಗೆ ಬಹಳ ಕೆಳಗಿನಿಂದ, ಹುಣಸೆಮರದ ಕಡೆಯಿಂದ, ದಪ್ಪ ಧ್ವನಿಯೊಂದು ಬಂತು: "ಬದುಕಿದೀಯೇನಪ್ಪೋ!" ಕರಡಿಯನ್ನು ಕಂಡು ಅವರು ಓಡಿದ ಓಟಕ್ಕೆ ಮೂರನೇ ಸೈರನ್ನಿಗೆ ಮೊದಲೇ ಬುಡ ಮುಟ್ಟಿದ್ದರು.

ಹಿಂಬದಿಯಿಂದ ಸುತ್ತಿ ಇಳಿಯುವಾಗ ಮಳೆಯ ಮೊದಲ ಹನಿ ಬಿತ್ತು. ಅಫ್ಜಲ್ ಕವರನ್ನು ಅಂಗಿಯೊಳಗೆ ತೂರಿಸಿಕೊಂಡು ಮುದುಕನಂತೆ ಬಗ್ಗಿ ನಡೆದ. ಎದುರಿನಿಂದ ಆವಲಪ್ಪ ಹೊಲದ ಮನೆಯಿಂದ ತಂದ ಟಾರ್ಪಾಲು ಬಿಡಿಸಿಕೊಂಡು ಓಡಿಬಂದ. ಹಿಂದೆ ಮೌನಿಕಾ. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ನಿಮಗೇನಾದ್ರೂ ಬುದ್ಧಿ ಇದೆಯಾ?" ಎಂದಳು. ಆಮೇಲೆ ಅವನ ರಕ್ತದ ಕೈಗೆ ಕರವಸ್ತ್ರ ಸುತ್ತಿದಳು. ಟಾರ್ಪಾಲಿನ ಕೆಳಗೆ ಕವರಿನ ಬಾಯಿ ಒಂದಿಷ್ಟೇ ಬಿಚ್ಚಿ ಒಳಗೆ ಇಣುಕಿದಳು. ಕಾಗದದ ತಳದಲ್ಲಿ ಹಳದಿ ಪುಡಿ ಒಣಗಿದ್ದ ಹಾಗೇ ಇತ್ತು.

"ಮರ?" ಎಂದ ಆವಲಪ್ಪ.

ಅಫ್ಜಲ್ ಇಲ್ಲವೆಂದು ತಲೆಯಾಡಿಸಿದ. ಮೂವರೂ ಬೆಟ್ಟದ ಕಡೆ ನೋಡಿದರು. ಗವಿಕೊಂಡದ ಮರದಲ್ಲಿ ಇನ್ನು ಉಳಿದಿದ್ದು ಆ ಕವರಿನಲ್ಲಿದ್ದಷ್ಟೇ.

ನಡೆದಿದ್ದನ್ನು ಅಫ್ಜಲ್ ಹೇಳಿದಾಗ ಆವಲಪ್ಪ ಕೈಯೆತ್ತಿ ಮುಗಿದ. "ನೋಡಿದ್ರಾ ಮತ್ತೆ? ಕರಡೀನ ಕಳಿಸಿದ್ದು ಯಾರು? ಮುನೇಶ್ವರನೇ! ನಾನು ಹಣ್ಣು ಇಡದಿದ್ರೆ ಅದು ಒಳಗೆ ಬರ್ತಿತ್ತಾ? ದಾರಿ ತೋರಿಸ್ತಿತ್ತಾ?"

ದಾರಿಯುದ್ದಕ್ಕೂ ಮಳೆ ಬೆನ್ನಟ್ಟಿತು. ಕಿಟಕಿ ಏರಿಸಿಕೊಂಡು, ಕವರನ್ನು ಮಡಿಲಲ್ಲಿ ನೆಟ್ಟಗೆ ಹಿಡಿದು ಮೌನಿಕಾ ಕೂತಿದ್ದಳು. ಮಂಚೇನಹಳ್ಳಿಯಲ್ಲಿ ಟೀ ಕುಡಿಯಲೂ ಇಳಿಯಲಿಲ್ಲ. ಶಿಡ್ಲಘಟ್ಟ ಮುಟ್ಟಿದಾಗ ಅಲ್ಲಿ ಮಳೆ ಇರಲಿಲ್ಲ. ಷಮೀಮ್ ಈ ಸಲ ಬಾಗಿಲಲ್ಲೇ ನಿಂತಿದ್ದರು. ಮಗನ ಕೈ ನೋಡಿದರು, ಒಳಗೆ ಹೋಗಿ ಅರಿಸಿನ, ಕೊಬ್ಬರಿ ಎಣ್ಣೆ ತಂದು ಹಚ್ಚಿದರು.

ಬೆಳಿಗ್ಗೆ ಇಬ್ಬನಿ ಆರಿ ಬಿಸಿಲು ಬಂದ ಮೇಲೆ, "ಈಗ ಸರಿಯಾದ ಹೊತ್ತು" ಎಂದಳು ಮೌನಿಕಾ. ರಾತ್ರಿ ಅಲ್ಲೇ ಉಳಿದಿದ್ದ ಆಕೆ ಮರ ಹತ್ತಲು ಸೆರಗು ಬಿಗಿದಿದ್ದಳು. ಷಮೀಮ್ ಅವಳ ಕೈಯಿಂದ ಹೂವಿನ ಕಡ್ಡಿಗಳನ್ನು ತೆಗೆದುಕೊಂಡು ಹಿತ್ತಲಿನ ಮೂಲೆಯಲ್ಲಿ ದೂರ ನಿಂತಿದ್ದ ಮಗನ ಹತ್ತಿರ ಹೋದರು.

"ನೀನು ಹತ್ತು ಬೇಟಾ" ಎಂದರು.

ಮೂರು ವರ್ಷಗಳ ಮೇಲೆ ಅಫ್ಜಲ್ ಆ ಮರ ಮುಟ್ಟಿದ. ಬಿಳಿ ಗುರುತಿನ ಪಕ್ಕದಲ್ಲಿ ಕಾಲಿಟ್ಟು ಏರಿದ. ಒಂದೊಂದು ಕೊಂಬೆಯ ಮೇಲೂ ಗಂಡು ಹೂವನ್ನು ಮೆಲ್ಲಗೆ ಕೊಡವಿದ. ಹಳದಿ ಪುಡಿ ಬಿಸಿಲಿನಲ್ಲಿ ತೇಲಿ ಹೆಣ್ಣು ಹೂಗಳ ಮೇಲೆ ಇಳಿಯಿತು. ಸ್ವಲ್ಪ ಕೆಳಗೆ ನಿಂತಿದ್ದ ಷಮೀಮರ ದುಪಟ್ಟಾದ ಮೇಲೂ ಬಿತ್ತು. ಅವರು ಅದನ್ನು ಕೊಡವಿಕೊಳ್ಳಲಿಲ್ಲ.

ಎಲ್ಲ ಹೂವೂ ನಿಲ್ಲಲಿಲ್ಲ. ಬಹುಪಾಲು ಉದುರಿದವು. ನಿಂತಷ್ಟು ಕಾಯಾದವು, ಶಿವರಾತ್ರಿ ಕಳೆದ ಮೇಲೆ ಕೆಂಪಾದವು. ಮೊದಲಿನಂತೆ ಮೊರಗಟ್ಟಲೆ ಅಲ್ಲ, ಒಂದು ಬಟ್ಟಲಿನಷ್ಟು. ಬೀಜವನ್ನು ತೆಗೆದಿಟ್ಟು ಅದರ ಪುಡಿಯಲ್ಲಿ ಷಮೀಮ್ ಒಂದೇ ಒಂದು ಲಡಿ ನೂಲು ಅದ್ದಿದರು. ಕೆಂಡದ ಬಣ್ಣವೇ ಬಂತು. ಬೇಸಿಗೆ ಮುಗಿಯುವಾಗ ಕೊಡಲಿಯವರು ಬಂದರು. ಮರ ಬಿದ್ದ ದಿನ ಅಫ್ಜಲ್ ಒಲೆ ಹಚ್ಚಲಿಲ್ಲ.

ಮುಂಗಾರಿನ ಹೊತ್ತಿಗೆ ರೇಷ್ಮೆ ಹುಳು ಸಾಕುವ ಹಳೆಯ ಬಿದಿರು ತಟ್ಟೆಗಳಲ್ಲಿ ಸಾಲು ಸಾಲು ಕರಿಚೀಲಗಳು, ಚೀಲದಲ್ಲಿ ಬೆರಳುದ್ದದ ಸಸಿಗಳು. ನಗರಗೆರೆಯಿಂದ ಆವಲಪ್ಪ ತನ್ನ ಪಾಲು ಒಯ್ಯಲು ಬಂದ. ಗವಿಕೊಂಡ ಹೋದರೂ ಹೊಲದ ಬದುವಿದೆಯಲ್ಲ ಎಂದ. ಸಸಿಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದ.

"ಇದ್ರಾಗೆ ಗಂಡ್ಯಾವ್ದು, ಹೆಣ್ಯಾವ್ದಮ್ಮ?"

"ಹೂ ಬಿಡೋವರೆಗೂ ಯಾರಿಗೂ ಗೊತ್ತಾಗಲ್ಲ ಆವಲಪ್ಪನೋರೆ" ಎಂದಳು ಮೌನಿಕಾ. "ಇನ್ನೂ ಎಷ್ಟೋ ವರ್ಷ ಬೇಕು."

ಷಮೀಮ್ ತೊಟ್ಟಿಯಿಂದ ಚೊಂಬು ತುಂಬಿ, ತಾವು ಹಾಕುವ ಬದಲು ಮಗನ ಕೈಗೆ ಕೊಟ್ಟರು.

"ಎಲ್ಲಕ್ಕೂ ಹಾಕು" ಎಂದರು.

ಅಫ್ಜಲ್ ಕುಕ್ಕರುಗಾಲಿನಲ್ಲಿ ಕೂತು ಹತ್ತಿರದ ಸಸಿಯಿಂದ ಶುರುಮಾಡಿದ.